ಕುಂಡದ ಮರ, ಹಿಂಡಿಯ ಗೊಬ್ಬರ ಮತ್ತು ಮನೆಯ ನಾಯಿ

ಬೆಂಗಳೂರು, ಮೈಸೂರುಗಳಂತಹ ನಗರಗಳಲ್ಲಿ ಹಿತ್ತಿಲೆಂಬುದು ಬಹುಮಟ್ಟಿಗೆ ಮಾಯವಾಗಿ, ಒಂದು ಕಾಲಕ್ಕೆ ಬಾವಿಕಟ್ಟೆಯ ಬಳಿ ನೆಲದಲ್ಲಿ ಬೇರೂರಿ ಬೆಳೆಯುತ್ತಿದ್ದ ನಿಂಬೆ, ದಾಳಿಂಬೆ, ಕರಿಬೇವು, ಸಪೋಟಗಳು ಈಗ ತಾರಸಿಯ ಮೇಲಿನ ಸಿಮೆಂಟಿನ ಕುಂಡಗಳನ್ನೋ ಪ್ಲಾಸ್ಟಿಕ್ ಡ್ರಮ್ಮುಗಳನ್ನೋ ಆಶ್ರಯಿಸಿವೆ. ಅವುಗಳ ಜೊತೆಗೆ ಆಲ, ಅರಳಿ, ಗೋಣಿ ಮೊದಲಾದ ಮಹಾವೃಕ್ಷಗಳನ್ನು ಆಳವಿಲ್ಲದ ತಟ್ಟೆಯಲ್ಲಿ ವಾಮನರೂಪಕ್ಕೆ ಇಳಿಸುವ ಬೋನ್ಸಾಯ್ ಕಲೆಯೂ ಮಧ್ಯಮವರ್ಗದ ಮನೆಗಳನ್ನು ಪ್ರವೇಶಿಸಿದೆ. ಅದೇ ಮನೆಗಳಲ್ಲಿ, ಅನೇಕ ವೇಳೆ ಅದೇ ತಾರಸಿಯ ಮೇಲೆ, ನಾಯಿಯೂ ಇರುವುದು. ಗಿಡಗಳಿಗೆ ರಾಸಾಯನಿಕವನ್ನು ಬಿಟ್ಟು ಸಾವಯವ ಗೊಬ್ಬರವನ್ನೇ ಉಣಿಸಬೇಕೆಂದು ಮನೆಯವರು ಸಂಕಲ್ಪಿಸಿದ ದಿನದಿಂದ ಮರಕ್ಕೂ ನಾಯಿಗೂ ಒಂದೇ ಆಹಾರದ ವಿಷಯದಲ್ಲಿ ವ್ಯಾಜ್ಯ ಆರಂಭವಾಗುತ್ತದೆ. ಬೆಳಗ್ಗೆ ಎದ್ದು ನೋಡಿದರೆ ಕುಂಡದ ಮಣ್ಣು ನೆಲದ ಮೇಲೆ ಚೆಲ್ಲಿರುತ್ತದೆ, ಬೇರು ಬಿಸಿಲಿಗೆ ಬಿದ್ದಿರುತ್ತದೆ, ನಾಯಿಯ ಮೂಗಿನ ತುದಿಯಲ್ಲಿ ಮಣ್ಣು ಮೆತ್ತಿರುತ್ತದೆ. ಇದನ್ನು ಕೇವಲ ಸ್ವಚ್ಛತೆಯ ಪ್ರಶ್ನೆಯೆಂದು ತಿಳಿಯುವವರೇ ಹೆಚ್ಚು. ವಾಸ್ತವವಾಗಿ ಇದು ಮರದ ಆರೋಗ್ಯದ ಪ್ರಶ್ನೆ, ಅದಕ್ಕಿಂತ ಮಿಗಿಲಾಗಿ ಕೆಲವು ಸಂದರ್ಭಗಳಲ್ಲಿ ನಾಯಿಯ ಪ್ರಾಣದ ಪ್ರಶ್ನೆ.

ನೆಲದಲ್ಲಿರುವ ಮರಕ್ಕೆ ಈ ತೊಂದರೆ ಏಕಿಲ್ಲವೆಂಬುದನ್ನು ಮೊದಲು ವಿಚಾರಿಸಬೇಕು. ತೋಟದಲ್ಲಿ ಗೊಬ್ಬರ ಹಾಕುವವನು ಬುಡದಿಂದ ದೂರದಲ್ಲಿ ಸುತ್ತಲೂ ಪಾತಿ ತೋಡಿ, ಗೊಬ್ಬರವನ್ನು ಅದರಲ್ಲಿ ತುಂಬಿ, ಮೇಲೆ ಮಣ್ಣು ಮುಚ್ಚುತ್ತಾನೆ. ವರ್ಷಕ್ಕೆ ಒಮ್ಮೆ ಅಥವಾ ಎರಡು ಬಾರಿ ಈ ಉಪಚಾರ ನಡೆದರೆ ಸಾಕು. ಕುಂಡದ ಮಣ್ಣಾದರೋ ಅಲ್ಪ. ದಿನದಿನವೂ ಎರೆಯುವ ನೀರು ತಳದ ರಂಧ್ರದಿಂದ ಹರಿದುಹೋಗುವಾಗ ಸಾರವನ್ನೂ ಕೊಂಡೊಯ್ಯುವುದರಿಂದ ಗೊಬ್ಬರವನ್ನು ಮತ್ತೆ ಮತ್ತೆ ಸ್ವಲ್ಪಸ್ವಲ್ಪವಾಗಿ ಕೊಡಬೇಕಾಗುವುದು. ಬೋನ್ಸಾಯ್ ತಟ್ಟೆಯಲ್ಲಂತೂ ಎರಡು ಮೂರು ಅಂಗುಲದ ಮಣ್ಣೆಲ್ಲ ಬೇರಿನಿಂದಲೇ ತುಂಬಿರುವಾಗ ಅಗೆದು ಹೂಳುವ ಮಾತೇ ಇಲ್ಲ. ಆದಕಾರಣವೇ ಜಪಾನಿನ ಬೋನ್ಸಾಯ್ ಕುಶಲಿಗಳು ಎಣ್ಣೆ ತೆಗೆದ ರೇಪ್ ಬೀಜದ ಹಿಂಡಿಯನ್ನು, ಕೆಲವೊಮ್ಮೆ ಮೂಳೆಪುಡಿ ಅಥವಾ ಮೀನಿನ ಪುಡಿಯನ್ನು ಬೆರೆಸಿ, ಸಣ್ಣ ಉಂಡೆಗಳನ್ನಾಗಿ ಮಾಡಿ ಮಣ್ಣಿನ ಮೇಲ್ಮೈಯಲ್ಲಿಯೇ ಇಡುವರು. ನೀರು ಹಾಕಿದಾಗಲೆಲ್ಲ ಉಂಡೆಯ ಸಾರ ಸ್ವಲ್ಪಸ್ವಲ್ಪ ಕೆಳಗಿಳಿಯುವುದು. ನಮ್ಮವರು ರೇಪ್ ಬೀಜದ ಸ್ಥಾನದಲ್ಲಿ ಕಡಲೆಕಾಯಿ ಹಿಂಡಿ, ಬೇವಿನ ಹಿಂಡಿಗಳನ್ನು ಬಳಸುತ್ತಾರೆ. ಉತ್ತರ ಭಾರತದಲ್ಲಿ ಸಾಸಿವೆ ಹಿಂಡಿ. ಮರಕ್ಕೆ ಇದರಿಂದ ಉಪಕಾರವುಂಟು. ಆದರೆ ಮೇಲ್ಮೈಯಲ್ಲಿಟ್ಟ ಉಂಡೆ ನಾಯಿಯ ದೃಷ್ಟಿಯಲ್ಲಿ ತಿಂಡಿಯಲ್ಲದೆ ಮತ್ತೇನೂ ಅಲ್ಲ.

ಸಾರವುಳ್ಳ ಗೊಬ್ಬರಕ್ಕೂ ದುರ್ಗಂಧಕ್ಕೂ ಇರುವ ಸಂಬಂಧ ಹೊಸದಲ್ಲ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ವೃಕ್ಷಾಯುರ್ವೇದ ಪ್ರಕರಣದಲ್ಲಿ ಆಡು ಕುರಿಗಳ ಗೊಬ್ಬರ, ಎಳ್ಳು, ಹಿಟ್ಟು, ಮಾಂಸ ಇವನ್ನು ನೀರಿನಲ್ಲಿ ಏಳು ರಾತ್ರಿ ಕೊಳೆಯಲಿಟ್ಟು ಮರಗಳಿಗೆ ಎರೆಯುವ ಕ್ರಮವನ್ನು ಹೇಳಿದ್ದಾನೆ; ಸುರಪಾಲನ ವೃಕ್ಷಾಯುರ್ವೇದದಲ್ಲಿ ಬರುವ ಕುಣಪಜಲವು ಮಾಂಸ, ಕೊಬ್ಬು, ಮಜ್ಜೆ, ಮೀನುಗಳನ್ನು ಬೇಯಿಸಿ ಹುಳಿಯಿಸಿದ ದ್ರವ. ಕನ್ನಡದಲ್ಲಿಯೂ ಹನ್ನೊಂದನೆಯ ಶತಮಾನದ ಚಾವುಂಡರಾಯನ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಪ್ರಕರಣವೇ ಮೀಸಲಾಗಿದೆ. ಈ ಪ್ರಾಚೀನರ ತೋಟಗಳಲ್ಲಿ ನಾಯಿಗಳನ್ನು ಅಟ್ಟುವುದಕ್ಕೆ ಆಳುಗಳಿದ್ದರೆಂದು ನಾವು ಊಹಿಸಿಕೊಳ್ಳಬಹುದು. ಇಂದು ರೈತರಲ್ಲಿ ಪ್ರಚಾರದಲ್ಲಿರುವ ಜೀವಾಮೃತವೂ 200 ಲೀಟರ್ ನೀರಿಗೆ 10 ಕಿಲೋ ಸಗಣಿ, ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು ಸೇರಿ ಹುಳಿತದ್ದು. ಬೆಲ್ಲ ಹಿಟ್ಟುಗಳ ವಾಸನೆಗೆ ನಾಯಿ ಸೋಲದಿದ್ದರೆ ಆಶ್ಚರ್ಯಪಡಬೇಕು.

ನಾಯಿಯ ಘ್ರಾಣೇಂದ್ರಿಯವು ಮನುಷ್ಯನದಕ್ಕಿಂತ ಎಷ್ಟೋ ಪಾಲು ಸೂಕ್ಷ್ಮವಾದುದು. ಮೂಗಿನ ಒಳಪದರದ ಗ್ರಾಹಕಗಳು ನಮ್ಮಲ್ಲಿ ಲಕ್ಷಗಳ ಲೆಕ್ಕದಲ್ಲಿದ್ದರೆ ಅದರಲ್ಲಿ ಕೋಟಿಗಳ ಲೆಕ್ಕದಲ್ಲಿವೆ. ಹಿಂಡಿ, ಮೂಳೆ, ರಕ್ತ, ಮೀನು ಇವೆಲ್ಲ ಸಸಾರಜನಕಯುಕ್ತವಾದ ಪದಾರ್ಥಗಳು. ಒಣಗಿದ್ದಾಗ ಸುಮ್ಮನಿರುವ ಇವು ನೀರು ಸೋಕಿದ ಕೂಡಲೇ ಸೂಕ್ಷ್ಮಜೀವಿಗಳ ಕೈಗೆ ಸಿಕ್ಕಿ ಒಡೆಯತೊಡಗಿ, ಕೊಳೆತ ಮಾಂಸದ ವಾಸನೆಯನ್ನು ಹೋಲುವ ಆವಿಗಳನ್ನು ಬಿಡುತ್ತವೆ. ಅಂದರೆ ಗೊಬ್ಬರ ಹಾಕಿ ನೀರೆರೆದ ಮೊದಲ ಕೆಲವು ದಿನಗಳೇ ಆಕರ್ಷಣೆಯ ಪರಾಕಾಷ್ಠೆ. ಮನುಷ್ಯನ ಎಂಜಲನ್ನು ಹೆಕ್ಕಿಕೊಂಡು ಸಹಸ್ರಾರು ವರ್ಷ ಬಾಳಿದ ಕುಲದ ಪ್ರಾಣಿಗೆ ಇಂತಹ ವಾಸನೆ ಆಹ್ವಾನಪತ್ರಿಕೆಯೇ ಸರಿ. ನಾಯಿಗೆ ಸುಣ್ಣದ ಅಂಶ ಕಡಿಮೆಯಾಗಿದೆ, ಆದ್ದರಿಂದ ಮೂಳೆಗೊಬ್ಬರ ತಿನ್ನುತ್ತದೆ ಎಂದು ಹೇಳುವವರಿದ್ದಾರೆ. ಹೊಟ್ಟೆ ತುಂಬ ಸಮತೋಲದ ಆಹಾರ ತಿಂದ ನಾಯಿಯೂ ಅದೇ ಕೆಲಸ ಮಾಡುವುದರಿಂದ ವಾಸನೆಯೊಂದೇ ಈ ನಡವಳಿಕೆಯನ್ನು ವಿವರಿಸಲು ಸಾಕೆಂದು ನನ್ನ ಅಭಿಪ್ರಾಯ. ಮನೆಯವರ ಮೇಲಿನ ಹಗೆಯಿಂದ ಕುಂಡವನ್ನು ಕೆಡಹುತ್ತದೆಂಬ ಆರೋಪವಂತೂ ವಿಚಾರಕ್ಕೆ ಅರ್ಹವಲ್ಲ.

ಎಲ್ಲ ಸಾವಯವ ಗೊಬ್ಬರಗಳೂ ಒಂದೇ ಬಗೆಯಲ್ಲಿ ಅಪಾಯಕಾರಿಯಲ್ಲ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಎರೆಹುಳು ಗೊಬ್ಬರಗಳು ಮಣ್ಣಿನ ವಾಸನೆಯವೇ ಆಗಿ ಪರಿಣಮಿಸಿರುವುದರಿಂದ ನಾಯಿಗೆ ಅವುಗಳಲ್ಲಿ ಆಸಕ್ತಿ ಕಡಿಮೆ, ತಿಂದರೂ ಸಾಮಾನ್ಯವಾಗಿ ಹೊಟ್ಟೆ ಕೆಡುವುದಕ್ಕಿಂತ ಹೆಚ್ಚಿನ ಕೇಡಿಲ್ಲ. ಬೇವಿನ ಹಿಂಡಿ, ಹೊಂಗೆ ಹಿಂಡಿಗಳು ಕಹಿ. ಒಂಟಿಯಾಗಿ ಹಾಕಿದರೆ ನಾಯಿ ಮೂಸಿ ದೂರ ಸರಿಯುವುದುಂಟು. ಬೇವಿನ ಹಿಂಡಿಯಲ್ಲಿ ಸುಮಾರು ಶೇಕಡಾ 5ರಷ್ಟು, ಹೊಂಗೆ ಹಿಂಡಿಯಲ್ಲಿ ಸುಮಾರು ಶೇಕಡಾ 4ರಷ್ಟು ಸಾರಜನಕ ಇರುವುದರಿಂದ ಮರಕ್ಕೂ ಅವು ಸಾಧಾರಣ ಆಹಾರವೇನಲ್ಲ. ಕಡಲೆಕಾಯಿ ಹಿಂಡಿಯಲ್ಲಿ ಸಾರಜನಕ ಶೇಕಡಾ 7ರ ಮೇಲಿದೆ. ಆದರೆ ಅದು ದನಗಳೂ ಪ್ರೀತಿಯಿಂದ ತಿನ್ನುವ ಮೇವು, ನಾಯಿಯೂ ಬಿಡುವುದಿಲ್ಲ. ತೇವ ತಗಲಿ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯ ವಿಷಯದಲ್ಲಿ ಇನ್ನೊಂದು ಭಯವಿದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮೇಲ್ಪಟ್ಟು ಟರ್ಕಿ ಕೋಳಿಗಳು ಸತ್ತಾಗ ಅದರ ಕಾರಣವನ್ನು ಶೋಧಿಸಿದವರು ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯ ಮೇವನ್ನು ತಲಪಿದರು. ಆ ಬೂಷ್ಟು ಹುಟ್ಟಿಸುವ ವಿಷಕ್ಕೆ ಅಫ್ಲಟಾಕ್ಸಿನ್ ಎಂಬ ಹೆಸರು ಬಂದುದು ಅಲ್ಲಿಂದಲೇ. ಯಕೃತ್ತನ್ನು ಹಾಳುಮಾಡುವ ಈ ವಿಷಕ್ಕೆ ನಾಯಿಗಳು ವಿಶೇಷವಾಗಿ ಈಡಾಗುವುವು. 1974ರಲ್ಲಿ ಗುಜರಾತ್ ರಾಜಸ್ಥಾನಗಳ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದ ಜನರಿಗೆ ಯಕೃತ್ತಿನ ವ್ಯಾಧಿ ಬಂದಾಗ ಅದೇ ಆಹಾರವನ್ನು ಹಂಚಿಕೊಂಡ ಮನೆನಾಯಿಗಳೂ ಕಾಯಿಲೆ ಬಿದ್ದುವು. ಅಡಿಗೆಮನೆಯ ಕಸದ ಅರೆಬರೆ ಕೊಳೆತ ಗೊಬ್ಬರದಲ್ಲಿಯೂ ಬೇರೆ ಬಗೆಯ ಬೂಷ್ಟುಗಳು ಬೆಳೆದು, ತಿಂದ ನಾಯಿಗೆ ಮೈನಡುಕವನ್ನೂ ಸೆಳವನ್ನೂ ತರುವ ವಿಷಗಳನ್ನು ಸೃಷ್ಟಿಸಬಲ್ಲುವು.

ಮೂಳೆಗೊಬ್ಬರ ಸ್ವತಃ ವಿಷವಲ್ಲ. ರಂಜಕಕ್ಕಾಗಿ, ಹೂ ಹಣ್ಣುಗಳ ಆಸೆಯಿಂದ, ಅದನ್ನು ಹಾಕುವರು. ಹಸಿ ಮೂಳೆಯ ಪುಡಿಯಲ್ಲಿ ಶೇಕಡಾ 20ಕ್ಕೂ ಮೇಲೆ ರಂಜಕಾಮ್ಲವೂ 3ರಷ್ಟು ಸಾರಜನಕವೂ ಇರುವುದು. ಚಿಟಿಕೆಯಷ್ಟು ನೆಕ್ಕಿದರೆ ಚಿಂತೆಯಿಲ್ಲ. ಚೀಲಕ್ಕೇ ಬಾಯಿಟ್ಟ ನಾಯಿಯ ಜಠರದಲ್ಲಿ ಆ ನುಣ್ಣನೆಯ ಪುಡಿ ಗಟ್ಟಿಯಾದ ಮುದ್ದೆಯಾಗಿ ಕೂತು ದಾರಿಯನ್ನೇ ಮುಚ್ಚಬಹುದು, ಶಸ್ತ್ರಚಿಕಿತ್ಸೆಯವರೆಗೂ ಹೋಗಬಹುದು. ರಕ್ತದ ಪುಡಿ, ಮೀನಿನ ಗೊಬ್ಬರಗಳು ವಾಂತಿ ಭೇದಿಗಳನ್ನೂ, ಹೆಚ್ಚಾದಾಗ ಮೇದೋಜೀರಕಾಂಗದ ಉರಿಯೂತವನ್ನೂ ತರುತ್ತವೆ. ಗೊಬ್ಬರವೆಂದೇ ಭಾವಿಸಿ ಬುಡಕ್ಕೆ ಸುರಿಯುವ ಕಾಫಿ ಚರಟವೂ ನಿರ್ದೋಷಿಯಲ್ಲ, ಅದರಲ್ಲಿ ಉಳಿದಿರುವ ಕೆಫೀನು ನಾಯಿಗೆ ಸಲ್ಲದು. ಕೋಕೋ ಬೀಜದ ಸಿಪ್ಪೆಯನ್ನು ಮಣ್ಣಿನ ಹೊದಿಕೆಯಾಗಿ ಹರಡುವ ಪದ್ಧತಿ ಪಾಶ್ಚಾತ್ಯ ದೇಶಗಳಲ್ಲಿ ಬೆಳೆದಿದೆ. ಚಾಕೊಲೇಟಿನ ಪರಿಮಳವುಳ್ಳ ಆ ಸಿಪ್ಪೆಯಲ್ಲಿ ನಾಯಿಯ ಹೃದಯಕ್ಕೂ ನರಗಳಿಗೂ ಅಹಿತವಾದ ಥಿಯೋಬ್ರೊಮಿನ್ ಇದೆ. ಪುತ್ತೂರು, ಸುಳ್ಯಗಳ ಅಡಿಕೆ ತೋಟಗಳಲ್ಲಿ ಕೋಕೋ ಬೆಳೆಯುವ ನಮ್ಮವರೂ ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಇವೆಲ್ಲಕ್ಕಿಂತ ಗಂಭೀರವಾದ ವಿಷಯವೆಂದರೆ ಹರಳು ಹಿಂಡಿ. ಉತ್ತರ ಕರ್ನಾಟಕದವರು ಔಡಲ ಹಿಂಡಿಯೆನ್ನುವ ಪದಾರ್ಥ. ಜಗತ್ತಿನಲ್ಲಿ ಹರಳನ್ನು ಅತ್ಯಧಿಕವಾಗಿ ಬೆಳೆಯುವ ದೇಶ ನಮ್ಮದೇ ಆದುದರಿಂದ ಈ ಹಿಂಡಿ ಸುಲಭವಾಗಿ ದೊರೆಯುವುದು, ಶೇಕಡಾ 4ಕ್ಕಿಂತ ಹೆಚ್ಚು ಸಾರಜನಕವನ್ನು ಒದಗಿಸುವುದು, ಗೆದ್ದಲನ್ನು ದೂರವಿಡುತ್ತದೆಂಬ ಖ್ಯಾತಿಯನ್ನೂ ಪಡೆದಿರುವುದು. ಹರಳು ಬೀಜದಲ್ಲಿ ರೈಸಿನ್ ಎಂಬ ಘೋರವಾದ ವಿಷವುಂಟು. ಅದು ಜೀವಕೋಶಗಳು ಸಸಾರಜನಕವನ್ನು ಕಟ್ಟಿಕೊಳ್ಳುವ ಕ್ರಿಯೆಯನ್ನೇ ನಿಲ್ಲಿಸಿಬಿಡುವುದು. ಅದು ಎಣ್ಣೆಯಲ್ಲಿ ಕರಗದೆ ನೀರಿನಲ್ಲಿ ಕರಗುವ ಗುಣವುಳ್ಳದ್ದಾದುದರಿಂದ ಗಾಣದಲ್ಲಿ ಎಣ್ಣೆ ಬೇರೆಯಾದಾಗ ವಿಷವೆಲ್ಲ ಹಿಂಡಿಯಲ್ಲಿಯೇ ಉಳಿಯುತ್ತದೆ. ಹರಳೆಣ್ಣೆ ಔಷಧಿಯಾಗಿ, ಅದೇ ಬೀಜದ ಹಿಂಡಿ ವಿಷವಾಗಿ ಇರುವುದರ ರಹಸ್ಯ ಇಷ್ಟೇ. ಹಿಂಡಿಯನ್ನು ಚೆನ್ನಾಗಿ ಆವಿಯಲ್ಲಿ ಬೇಯಿಸಿದರೆ ರೈಸಿನ್ ನಾಶವಾಗುವುದಾದರೂ, ಅಂಗಡಿಯಲ್ಲಿ ತೂಗಿ ಕೊಡುವ ಹಿಂಡಿಗೆ ಅಂತಹ ಸಂಸ್ಕಾರ ಎಷ್ಟರಮಟ್ಟಿಗೆ ಆಗಿದೆಯೆಂದು ಕೊಳ್ಳುವವನಿಗೆ ತಿಳಿಯುವ ಉಪಾಯವಿಲ್ಲ. ದಕ್ಷಿಣ ಕೊರಿಯಾ, ಬ್ರೆಜಿಲ್ ದೇಶಗಳ ಪಶುವೈದ್ಯರು ಇದೇ ಗೊಬ್ಬರವನ್ನು ತಿಂದು ವಿಷವೇರಿದ ನಾಯಿಗಳ ವೃತ್ತಾಂತಗಳನ್ನು ಬರೆದಿಟ್ಟಿದ್ದಾರೆ. ಅಪಾಯದ ಮುಖ್ಯಾಂಶವೆಂದರೆ ಲಕ್ಷಣಗಳು ಕೂಡಲೇ ಕಾಣಿಸಿಕೊಳ್ಳುವುದಿಲ್ಲ. ಅನೇಕ ಗಂಟೆಗಳ ಕಾಲ ನಾಯಿ ಎಂದಿನಂತೆ ಓಡಾಡಿಕೊಂಡಿದ್ದು, ಆಮೇಲೆ ವಾಂತಿ, ಹೊಟ್ಟೆನೋವು, ರಕ್ತಭೇದಿ, ನಿತ್ರಾಣ ಒಂದರ ಹಿಂದೆ ಒಂದು ಬರುವುವು. ಇದಕ್ಕೆ ನಿರ್ದಿಷ್ಟವಾದ ಪ್ರತಿವಿಷವಿಲ್ಲ. ಬೇವು, ಹೊಂಗೆ, ಹರಳು ಹಿಂಡಿಗಳನ್ನು ಬೆರೆಸಿ ಅದಕ್ಕೆ ಮೂಳೆಪುಡಿಯನ್ನೂ ಸೇರಿಸಿ ಮಾರುವ ಮಿಶ್ರಣಗಳು ಈ ದೃಷ್ಟಿಯಿಂದ ಅತ್ಯಂತ ಅನಿಷ್ಟಕರ. ಮೂಳೆಯ ವಾಸನೆ ನಾಯಿಯನ್ನು ಕರೆಯುತ್ತದೆ, ಹರಳು ಅದನ್ನು ಕೊಲ್ಲುತ್ತದೆ.

ಗೊಬ್ಬರದ ಜೊತೆಗೆ ಕೀಟನಾಶಕವನ್ನು ಬೆರೆಸುವ ಹಳೆಯ ಅಭ್ಯಾಸವನ್ನೂ ಇಲ್ಲಿಯೇ ಹೇಳಿಬಿಡಬೇಕು. ಬಾಳೆ, ಅಡಿಕೆಗಳ ಬುಡಕ್ಕೆ ಹಾಕುತ್ತಿದ್ದ ಫೋರೇಟ್ ಹರಳುಗಳನ್ನು ಸರ್ಕಾರ 2020ರ ಅಂತ್ಯದಿಂದ ನಿಷೇಧಿಸಿದೆ. ಹಳೆಯ ಡಬ್ಬಿಯೊಂದು ಮನೆಯ ಅಟ್ಟದಲ್ಲಿ ಉಳಿದಿದ್ದರೆ ಅದನ್ನು ಕುಂಡಕ್ಕೆ ಹಾಕತಕ್ಕದ್ದಲ್ಲ. ಮಳೆಗಾಲದಲ್ಲಿ ಬಸವನಹುಳುಗಳ ಮೇಲೆ ಪ್ರಯೋಗಿಸುವ ಮೆಟಾಲ್ಡಿಹೈಡ್ ಗುಳಿಗೆಗಳೂ ತೌಡಿನಲ್ಲಿ ಮಾಡಿದವಾಗಿ ರುಚಿಯಾಗಿರುತ್ತವೆ, ನಾಯಿಗೆ ಮಾರಕವಾಗುತ್ತವೆ.

ಇನ್ನು ನಾಯಿಯನ್ನು ದೂರವಿಡುವ ಉಪಾಯಗಳನ್ನು ಪರಿಶೀಲಿಸಬಹುದು. ಲೋಕದಲ್ಲಿ ಪ್ರಚಲಿತವಾಗಿರುವವು ಬಹುಮಟ್ಟಿಗೆ ಬೆದರಿಕೆಯ ಉಪಾಯಗಳು. ಖಾರದಪುಡಿ ಚೆಲ್ಲುವುದು ಅವುಗಳಲ್ಲಿ ಸರ್ವಸಾಮಾನ್ಯ. ಅದು ಒಂದು ಸಲ ನೀರು ಹಾಕುವಷ್ಟರಲ್ಲಿ ತೊಳೆದುಹೋಗುವುದು; ಹೋಗುವ ಮೊದಲು ಮೂಗು ಕಣ್ಣುಗಳಿಗೆ ತಗಲಿದ ನಾಯಿಯ ಯಾತನೆಯನ್ನು ಕಂಡವರು ಎರಡನೆಯ ಬಾರಿ ಆ ಕೆಲಸ ಮಾಡಲಾರರು. ನಿಂಬೆ, ಕಿತ್ತಳೆ ಸಿಪ್ಪೆಗಳನ್ನು ಹರಡುವುದು ಸೌಮ್ಯ ಮಾರ್ಗ. ಕೆಲವು ನಾಯಿಗಳು ಅದನ್ನು ಸಹಿಸವು, ಕೆಲವು ಅದನ್ನೂ ಜಗಿದು ನೋಡುವುವು, ಮತ್ತು ಸಿಪ್ಪೆ ಒಣಗಿದ ಮೇಲೆ ಪರಿಣಾಮವಿಲ್ಲ. ನುಸಿಗುಳಿಗೆಯನ್ನು, ಅಂದರೆ ನ್ಯಾಫ್ತಲೀನನ್ನು, ಕುಂಡದಲ್ಲಿಡುವುದು ಒಂದು ಅಪಾಯದ ಜಾಗದಲ್ಲಿ ಇನ್ನೊಂದನ್ನು ತಂದಿಡುವ ಕೆಲಸ; ನುಂಗಿದ ನಾಯಿಯ ರಕ್ತಕಣಗಳನ್ನು ಅದು ಒಡೆಯುತ್ತದೆ. ಫಿನಾಯಿಲು ನಾಯಿಗೂ ಬೇರಿಗೂ ಸಮಾನ ಶತ್ರು. ಬೆಂಗಳೂರಿನ ಬೀದಿಗಳಲ್ಲಿ ಗೇಟಿನ ಮುಂದೆ ನೀಲಿಯ ಅಥವಾ ಕೆಂಪು ನೀರಿನ ಬಾಟಲಿಗಳನ್ನು ಸಾಲಾಗಿ ಇಟ್ಟಿರುವುದನ್ನು ಎಲ್ಲರೂ ನೋಡಿದ್ದೇವೆ. ನಾಯಿಗೆ ನೀಲಿ ಹಳದಿಗಳು ಬೇರೆಬೇರೆಯಾಗಿ ಕಾಣುವುವು, ಕೆಂಪು ಹಸಿರುಗಳ ಭೇದ ಸರಿಯಾಗಿ ತಿಳಿಯದು. ಆದರೆ ಕಾಣುವ ಬಣ್ಣಕ್ಕೆ ಹೆದರಬೇಕೆಂಬ ನಿಯಮವೇನಿದೆ? ಬಾಟಲಿಯ ಪಕ್ಕದಲ್ಲಿಯೇ ನೆಮ್ಮದಿಯಿಂದ ಮಲಗಿರುವ ಬೀದಿನಾಯಿಗಳು ಈ ಸಿದ್ಧಾಂತಕ್ಕೆ ಸಾಕಷ್ಟು ಉತ್ತರ ಕೊಟ್ಟಿವೆ. ಗೇಟಿನ ಹೊರಗೆ ಇಟ್ಟ ಕುಂಡಗಳನ್ನು ಉಳಿಸಿಕೊಳ್ಳಲು ವಿಷವಿಡುವ ಆಲೋಚನೆ ಮಾಡುವವರೂ ಉಂಟೆಂದು ಕೇಳಿದ್ದೇನೆ. ಪ್ರಾಣಿಗೆ ಬೇಕೆಂದೇ ಹಾನಿಕರ ಪದಾರ್ಥ ತಿನ್ನಿಸುವುದು 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯಂತೆ ಅಪರಾಧ, ಕಾಯಿದೆಯಿಲ್ಲದಿದ್ದರೂ ಪಾಪ.

ಬೆದರಿಕೆಯ ಉಪಾಯಗಳೆಲ್ಲಕ್ಕೂ ಒಂದು ಸಾಮಾನ್ಯ ದೋಷವಿದೆ: ಕರೆಯುವ ವಾಸನೆಯನ್ನು ಇದ್ದಲ್ಲಿಯೇ ಬಿಟ್ಟು, ಬಂದವನನ್ನು ಹೊಡೆದಟ್ಟಲು ಅವು ಹೊರಡುತ್ತವೆ. ವಾಸನೆಯನ್ನೇ ಕಡಿಮೆ ಮಾಡುವುದು, ಅದು ಆಗದಿದ್ದರೆ ಬಾಯಿಗೂ ಗೊಬ್ಬರಕ್ಕೂ ನಡುವೆ ಗಟ್ಟಿಯಾದ ತಡೆಯನ್ನು ನಿಲ್ಲಿಸುವುದು, ಈ ಎರಡೇ ನಂಬಬಹುದಾದ ಮಾರ್ಗಗಳು. ಮೊದಲನೆಯದಕ್ಕೆ ಗೊಬ್ಬರದ ರೂಪವನ್ನು ಬದಲಿಸಬೇಕು. ಹಿಂಡಿಯನ್ನು ಉಂಡೆಯಾಗಿ ಇಡುವ ಬದಲು ಮುಚ್ಚಳವುಳ್ಳ ಪಾತ್ರೆಯಲ್ಲಿ ಕೆಲವು ದಿನ ನೆನೆಸಿ, ಮೇಲಿನ ತಿಳಿಯನ್ನು ಹತ್ತು ಪಾಲು ನೀರಿಗೆ ಬೆರೆಸಿ ಎರೆದರೆ ಅದು ಮಣ್ಣಿನೊಳಗೆ ಇಂಗಿಹೋಗುವುದು. ತಿನ್ನುವುದಕ್ಕೆ ಮೇಲೇನೂ ಉಳಿಯದು. ಒಂದೆರಡು ದಿನ ವಾಸನೆ ಇರುವುದು ನಿಜ, ಅಷ್ಟು ಕಾಲ ನಾಯಿಯನ್ನು ತಾರಸಿಗೆ ಬಿಡದಿದ್ದರಾಯಿತು. ಮೂಳೆಗೊಬ್ಬರವನ್ನು ಮೇಲೆ ಉದುರಿಸದೆ, ಕುಂಡ ಬದಲಿಸುವಾಗ ಹೊಸ ಮಣ್ಣಿನ ಕೆಳಭಾಗದಲ್ಲಿ ಬೆರೆಸಬೇಕು. ನಿಧಾನವಾಗಿ ಕರಗುವ ವಸ್ತುವಾದುದರಿಂದ ಮರಕ್ಕೂ ಅದೇ ಹಿತ. ದೊಡ್ಡ ಕುಂಡಗಳಲ್ಲಿ ಎರೆಹುಳು ಗೊಬ್ಬರವನ್ನೇ ಮುಖ್ಯ ಆಹಾರವಾಗಿಟ್ಟುಕೊಂಡು, ಬೇವಿನ ಹಿಂಡಿಯನ್ನು ಸ್ವಲ್ಪವಾಗಿ ಮಣ್ಣಿನಲ್ಲಿ ಕದಡಿ, ಮೇಲೆ ಎರಡು ಬೆರಳಿನಷ್ಟು ಬರಿಯ ಮಣ್ಣು ಹರಡಿದರೆ ಬಹುಪಾಲು ಮನೆಗಳಲ್ಲಿ ವಿವಾದ ಅಲ್ಲಿಗೇ ಮುಗಿಯುವುದು.

ಉಂಡೆಯಿಲ್ಲದೆ ತಮ್ಮ ಮರ ಬದುಕದೆಂದು ನಂಬಿರುವ ಬೋನ್ಸಾಯ್ ಪ್ರಿಯರಿಗೆ ಎರಡನೆಯ ಮಾರ್ಗವುಂಟು. ಉಂಡೆಯನ್ನು ಒಳಗಿಟ್ಟು ಮಣ್ಣಿಗೆ ಚುಚ್ಚುವ, ಕಾಲುಗಳುಳ್ಳ ಸಣ್ಣ ಪ್ಲಾಸ್ಟಿಕ್ ಬುಟ್ಟಿಗಳು ದೊರೆಯುತ್ತವೆ. ಹಕ್ಕಿಗಳ ಕಾಟಕ್ಕೆ ಇವು ಸಾಕು. ದೊಡ್ಡ ನಾಯಿಗೆ ಬುಟ್ಟಿಸಹಿತ ಕಿತ್ತು ನುಂಗುವುದು ಕಷ್ಟವೇನೂ ಅಲ್ಲ, ಆಗ ಹಿಂಡಿಯ ಜೊತೆಗೆ ಪ್ಲಾಸ್ಟಿಕ್ಕೂ ಹೊಟ್ಟೆಗೆ ಸೇರಿತು. ಆದ್ದರಿಂದ ತುಕ್ಕು ಹಿಡಿಯದ ತಂತಿಬಲೆಯನ್ನು ಕುಂಡದ ಬಾಯಿಯಳತೆಗೆ ಕತ್ತರಿಸಿ, ಕಾಂಡಕ್ಕೆ ಎಡೆ ಬಿಟ್ಟು, ಅಂಚುಗಳನ್ನು ಒಳಕ್ಕೆ ಮಡಚಿ, ಕುಂಡದ ತಳದ ರಂಧ್ರಗಳ ಮೂಲಕ ತಂತಿಯಿಂದ ಬಿಗಿದು ಕಟ್ಟುವುದು ಉತ್ತಮ. ನೀರಿಗೂ ಗಾಳಿಗೂ ಅಡ್ಡಿಯಿಲ್ಲ, ಮೂತಿಗೆ ಅಡ್ಡಿಯುಂಟು. ಡ್ರಮ್ಮುಗಳಲ್ಲಿ ಬೆಳೆದ ಹಣ್ಣಿನ ಗಿಡಗಳಿಗೆ ಮುಷ್ಟಿಗಾತ್ರದ ಕಲ್ಲುಗಳನ್ನು ಒತ್ತಾಗಿ ಜೋಡಿಸಬಹುದು. ಸಣ್ಣ ಬೆಣಚುಕಲ್ಲು ಮಾತ್ರ ಬೇಡ, ಮರಿನಾಯಿಗಳು ಅದನ್ನೂ ನುಂಗುವುವು. ಎಲ್ಲಕ್ಕಿಂತ ಸರಳವಾದದ್ದು ಎತ್ತರ: ಎದೆಮಟ್ಟದ ಕಬ್ಬಿಣದ ಸ್ಟ್ಯಾಂಡಿನ ಮೇಲಿರುವ ಬೋನ್ಸಾಯ್ ನೋಡುವವರ ಕಣ್ಣಿಗೂ ಸರಿಯಾಗಿ ಕಾಣುವುದು, ನಾಯಿಗೂ ಎಟುಕದು. ಹೊಸದಾಗಿ ಕುಂಡ ಬದಲಿಸಿದ ಮರವನ್ನಂತೂ ಹೀಗೆ ಎತ್ತರದಲ್ಲಿಯೇ ಇಡಬೇಕು; ಬೇರುಗಳು ಇನ್ನೂ ಮಣ್ಣನ್ನು ಹಿಡಿಯದಿರುವ ಆ ವಾರಗಳಲ್ಲಿ ಒಂದು ಬಾರಿ ಕೆದಕಿದರೂ ಎಳೆಯ ಬೇರುಗಳೆಲ್ಲ ಹರಿದು ಮರ ಒಣಗುವುದುಂಟು.

ಇಷ್ಟೆಲ್ಲ ಎಚ್ಚರ ವಹಿಸಿದವರೂ ಮರೆಯುವ ಸ್ಥಳವೊಂದಿದೆ. ಅದು ಮೆಟ್ಟಿಲ ಕೆಳಗಿನ ಗೊಬ್ಬರದ ಚೀಲ. ಕುಂಡದ ಮೇಲಿನ ಗೊಬ್ಬರ ಹಿಡಿಯಷ್ಟು, ಚೀಲದಲ್ಲಿರುವುದು ಕಿಲೋಗಟ್ಟಲೆ. ಬಾಯಿ ಬಿಗಿಯದ ಗೋಣಿಚೀಲವನ್ನು ನಾಯಿಯ ಸಂಚಾರಮಾರ್ಗದಲ್ಲಿಟ್ಟು ಕುಂಡಕ್ಕೆ ಬಲೆ ಕಟ್ಟುವುದು ಅರ್ಥಹೀನ. ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿ, ಒಣಗಿದ ಎತ್ತರದ ಜಾಗದಲ್ಲಿ ಅದನ್ನಿಟ್ಟರೆ ಬೂಷ್ಟಿನ ಭಯವೂ ತಪ್ಪುವುದು.

ನಾಯಿಯ ಶಿಕ್ಷಣದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಬೇಡವೆಂದರೆ ಬಾಯಿಂದ ಬಿಡುವ ಅಭ್ಯಾಸವನ್ನು ಮರಿಯಿಂದಲೇ ಕಲಿಸಬಹುದು. ಪ್ರತಿದಿನ ತಿರುಗಾಡಿಸಿ, ಅಗೆಯಲು ಅದರದೇ ಆದ ಮರಳಿನ ಮೂಲೆಯೊಂದನ್ನು ಕೊಟ್ಟ ನಾಯಿ ಕುಂಡಗಳನ್ನು ಅಷ್ಟಾಗಿ ಪೀಡಿಸುವುದಿಲ್ಲ. ಆದರೆ ಒಡೆಯನು ಎದುರಿಗಿರುವಾಗ ಪಾಲಿಸುವ ಶಿಸ್ತನ್ನು ಅವನು ಕಚೇರಿಗೆ ಹೋದ ಮೇಲೂ ಪಾಲಿಸಬೇಕೆಂದು ನಿರೀಕ್ಷಿಸುವುದು ಮನುಷ್ಯರಿಂದಲೂ ಸಾಧ್ಯವಿಲ್ಲದ ಸದ್ಗುಣವನ್ನು ನಾಯಿಯಿಂದ ಬಯಸಿದಂತೆ.

ನಾಯಿ ಗೊಬ್ಬರ ತಿಂದಿದೆಯೆಂದು ತಿಳಿದಾಗ ಮಾಡತಕ್ಕದ್ದೇನು? ಲಕ್ಷಣಗಳು ಕಾಣಲೆಂದು ಕಾಯಬಾರದು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಮನೆವೈದ್ಯವೂ ಸಲ್ಲದು, ಆ ಉಪ್ಪೇ ವಿಷವಾಗುವುದುಂಟು. ಗೊಬ್ಬರದ ಚೀಟಿಯನ್ನೋ ಒಂದು ಹಿಡಿ ಗೊಬ್ಬರವನ್ನೋ ಜೊತೆಗೆ ತೆಗೆದುಕೊಂಡು, ಹತ್ತಿರದ ಪಶುವೈದ್ಯರ ಬಳಿಗೆ, ಬೆಂಗಳೂರಿನವರಾದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ, ಕೂಡಲೇ ಹೋಗಬೇಕು. ಏನು ತಿಂದಿದೆ, ಎಷ್ಟು, ಯಾವಾಗ ಎಂಬ ಮೂರು ಸಂಗತಿಗಳು ವೈದ್ಯರಿಗೆ ತಿಳಿದರೆ ಚಿಕಿತ್ಸೆಯ ಅರ್ಧ ದಾರಿ ಸವೆದಂತೆ.

ನನ್ನ ತೀರ್ಮಾನ ಇದು: ಎರೆಹುಳು ಗೊಬ್ಬರ, ಬೇವಿನ ಹಿಂಡಿ, ಹಿಂಡಿಯ ತಿಳಿನೀರು ಇವು ಮೂರರಿಂದ ಕುಂಡದ ಮರಗಳೆಲ್ಲ ಚೆನ್ನಾಗಿ ಬೆಳೆಯುವಾಗ, ನಾಯಿಯಿರುವ ಮನೆಗೆ ಹರಳು ಹಿಂಡಿಯನ್ನು ತರುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಮಿಶ್ರಗೊಬ್ಬರ ಕೊಳ್ಳುವ ಓದುಗರು ಚೀಲದ ಮೇಲಿನ ಘಟಕಗಳ ಪಟ್ಟಿಯನ್ನು ಅಂಗಡಿಯಲ್ಲಿಯೇ ನಿಂತು ಓದಿ, ಅದರಲ್ಲಿ ಹರಳೋ ಔಡಲವೋ ಇದ್ದರೆ, ಅಥವಾ ಪಟ್ಟಿಯೇ ಇಲ್ಲದಿದ್ದರೆ, ಆ ಚೀಲವನ್ನು ಅಲ್ಲಿಯೇ ಬಿಟ್ಟುಬರಬೇಕೆಂದು ಪ್ರಾರ್ಥಿಸುತ್ತೇನೆ.